ಹುಲ್ಲು ಒಣಗಿದಾಗ ಕಂಡ ಹಳೇ ತೋಟ

2018ರ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಮಳೆ ಕೈಕೊಟ್ಟಿತು. ಡರ್ಬಿಷೈರಿನ ಚಾಟ್ಸ್‌ವರ್ತ್ ಅರಮನೆಯ ದಕ್ಷಿಣಕ್ಕಿರುವ ಹುಲ್ಲುಹಾಸು ಒಣಗತೊಡಗಿತು. ಒಣಗಿದ್ದೇನೋ ಸರಿ, ಆದರೆ ಎಲ್ಲಾ ಕಡೆ ಒಂದೇ ಸಮ ಒಣಗಲಿಲ್ಲ. ಮೇಲಿನಿಂದ ನೋಡಿದರೆ ನೆಲದ ತುಂಬ ರಂಗೋಲಿ ಹಾಕಿದ ಹಾಗೆ ಸುರುಳಿಗಳು, ಗೆರೆಗಳು. ಅರಮನೆಯ ಒಡೆಯ, ಮೊದಲನೇ ಡೆವನ್‌ಷೈರ್ ಡ್ಯೂಕ್ 1699ರಲ್ಲಿ ಮಾಡಿಸಿದ್ದ ಹೂದೋಟದ ನಕ್ಷೆ ಅದು. ಮೊಮ್ಮಗನ ಕಾಲದಲ್ಲೇ ಅದರ ಮೇಲೆ ಹುಲ್ಲು ಬೆಳೆಸಿ ಮುಚ್ಚಿಬಿಟ್ಟಿದ್ದರು.

ಇದರಲ್ಲಿ ಮಾಯವೇನಿಲ್ಲ, ಎಲ್ಲಾ ನೀರಿನ ಲೆಕ್ಕ. ಜಲ್ಲಿ ಹಾಕಿ ದಮ್ಮಸು ಮಾಡಿದ ಕಾಲುದಾರಿಯ ಮೇಲೆ ಮಣ್ಣಿನ ಪದರ ತೆಳು. ಬೇರು ಆಳಕ್ಕೆ ಇಳಿಯಲಾರದು, ತೇವವೂ ನಿಲ್ಲುವುದಿಲ್ಲ. ಅಲ್ಲಿ ಹುಲ್ಲು ಬೇಗ ಹಳದಿಯಾಗುತ್ತದೆ. ಅಗೆದು ಗೊಬ್ಬರ ಹಾಕಿದ್ದ ಮಡಿಯ ಮಣ್ಣು ಸಡಿಲ, ಆಳ. ಅಲ್ಲಿ ಹಸಿರು ಇನ್ನಷ್ಟು ದಿನ ತಡೆಯುತ್ತದೆ. ಬುಡ ಜೀವಂತವಾಗಿರುವುದರಿಂದ ಒಂದು ಒಳ್ಳೆ ಮಳೆ ಬಂದರೆ ಹುಲ್ಲು ಮತ್ತೆ ಚಿಗುರುತ್ತದೆ, ನಕ್ಷೆ ಮರೆಯಾಗುತ್ತದೆ. ಹೀಗಾಗಿ ಪುರಾತತ್ವದವರು ಬರಗಾಲದ ಬೇಸಿಗೆಯಲ್ಲಿ ವಿಮಾನ, ಡ್ರೋನ್ ಹಾರಿಸಿ ಫೋಟೋ ತೆಗೆಯುತ್ತಾರೆ. ಅಗೆಯುವ ಖರ್ಚೇ ಇಲ್ಲ!

ನನಗೆ ಅನ್ನಿಸುವುದೇನೆಂದರೆ, ಹಳೇದನ್ನು ಕಿತ್ತು ಹಾಕುವ ಗೋಜಿಗೆ ಹೋಗದೆ ಸುಮ್ನೆ ಹುಲ್ಲು ಮುಚ್ಚಿದ್ದಕ್ಕೇ ಆ ತೋಟದ ಗುರುತು ಉಳಿದಿದ್ದು. ನಾಲ್ಕನೇ ಡ್ಯೂಕ್ ಕರೆಸಿದ ತೋಟ ವಿನ್ಯಾಸಕ ಲ್ಯಾನ್ಸಲಾಟ್ ಬ್ರೌನ್ ಇನ್ನೂ ಮುಂದೆ ಹೋದ. ಅವನಿಗೆ ಅಳತೆಗೋಲು ಹಿಡಿದು ಮಾಡಿದ ತೋಟ ಬೇಡ. ಇಳಿಜಾರು, ಹುಲ್ಲುಗಾವಲು, ಅಲ್ಲಲ್ಲಿ ಮರಗಳ ಗುಂಪು ಸಾಕು. ನೋಡಿದವರಿಗೆ ಅದು ತಾನಾಗೇ ಬೆಳೆದ ಹಾಗೆ ಕಾಣಬೇಕು, ಅಷ್ಟೇ.

ಆರನೇ ಡ್ಯೂಕ್ ಬೇರೆಯೇ ಜಾತಿ. ಗಿಡಗಳ ಹುಚ್ಚು. 1826ರಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ಹುಡುಗನನ್ನು ಮುಖ್ಯ ತೋಟಗಾರನಾಗಿ ಸೇರಿಸಿಕೊಂಡ. ಪ್ಯಾಕ್ಸ್‌ಟನ್ ಗಾಜಿನ ಮನೆಯಲ್ಲಿ ಬೆಳೆಸಿದ ಒಂದು ಬಾಳೆ 1835ರಲ್ಲಿ ಹೂ ಬಿಟ್ಟಿತು. ಅದಕ್ಕೆ ಡ್ಯೂಕ್ ಮನೆತನದ ಹೆಸರೇ ಬಂತು: ಕ್ಯಾವೆಂಡಿಷ್. ನಮ್ಮ ಅಂಗಡಿಗಳ ಪಚ್ಚಬಾಳೆಯೂ ಇದೇ ಗುಂಪಿನದ್ದು.

ಮುಂದಿನ ವರ್ಷವೇ 277 ಅಡಿ ಉದ್ದ, 123 ಅಡಿ ಅಗಲದ ಗಾಜಿನ ಮನೆಗೆ ಕೈ ಹಾಕಿದರು. ಒಳಗೆ ಉಷ್ಣವಲಯದ ಮರಗಳು. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ, ಬಿಸಿಯಾದ ಗಾಳಿಯನ್ನು ಹೊರಗೆ ಬಿಡುವುದಿಲ್ಲ. ಆದರೆ ಇಂಗ್ಲೆಂಡಿನ ಚಳಿಗಾಲಕ್ಕೆ ಅದೊಂದೇ ಸಾಲದು, ಗಾಜಿನಿಂದ ಶಾಖ ಸೋರುತ್ತಲೇ ಇರುತ್ತದೆ. ಅದಕ್ಕೇ ನೆಲದಡಿ 8 ಬಾಯ್ಲರ್, ಬಿಸಿನೀರಿನ ಪೈಪು, ಕಲ್ಲಿದ್ದಲು ತರಲು ಸುರಂಗ. ಹೊಗೆಯನ್ನೂ ನೆಲದಡಿಯಿಂದಲೇ ಸಾಗಿಸಿ ದೂರದ ಕಾಡಿನ ಚಿಮಣಿಯಲ್ಲಿ ಬಿಡುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಿಗದೆ ಗಿಡಗಳು ಸತ್ತವು. 1920ರಲ್ಲಿ ಕಟ್ಟಡವನ್ನೇ ಉರುಳಿಸಿದರು. ಈಗ ಅದರ ತಳಪಾಯದ ಗೋಡೆಗಳ ನಡುವೆ ಯೂ ಎಂಬ ನಿತ್ಯಹಸಿರು ಗಿಡಗಳ ಚಕ್ರವ್ಯೂಹವಿದೆ, 1962ರಲ್ಲಿ ನೆಟ್ಟಿದ್ದು.

ಕಲ್ಲಿದ್ದಲಿಗಿಂತ ಜಾಸ್ತಿ ಹೊಡೆತ ಕೊಟ್ಟಿದ್ದು ಸತ್ತವರ ಆಸ್ತಿಯ ಮೇಲಿನ ತೆರಿಗೆ. 10ನೇ ಡ್ಯೂಕ್ ಅವರ ಹಿರಿಮಗ 1944ರಲ್ಲಿ ಯುದ್ಧದಲ್ಲಿ ತೀರಿಕೊಂಡಿದ್ದ. ಡ್ಯೂಕ್ 1950ರ ನವೆಂಬರಿನಲ್ಲಿ ತೀರಿಹೋದರು. ಆಸ್ತಿಯನ್ನು ಅವರು ಮುಂಚೆಯೇ ವರ್ಗಾಯಿಸಿದ್ದರು. ಆದರೆ ತೆರಿಗೆ ತಪ್ಪಬೇಕಾದರೆ ಅದಾಗಿ 5 ವರ್ಷ ಬದುಕಿರಬೇಕಿತ್ತು. ಇನ್ನು ಕೆಲವೇ ತಿಂಗಳು ಬಾಕಿ. 100ಕ್ಕೆ 80ರಷ್ಟು ತೆರಿಗೆ ಬಿತ್ತು. ವಾರಸುದಾರನಾದ ಕಿರಿಮಗ ಜಮೀನು ಮಾರಿದ, ಚಿತ್ರಗಳನ್ನು ಕೊಟ್ಟ, ಹಾರ್ಡ್‌ವಿಕ್ ಹಾಲ್ ಎಂಬ ಇನ್ನೊಂದು ಅರಮನೆಯನ್ನೇ ಸರ್ಕಾರಕ್ಕೆ ಬಿಟ್ಟುಕೊಟ್ಟ. 1981ರಲ್ಲಿ ಚಾಟ್ಸ್‌ವರ್ತ್ ನೋಡಿಕೊಳ್ಳಲು ಒಂದು ಟ್ರಸ್ಟ್ ಆಯಿತು. ಟಿಕೆಟ್ ದುಡ್ಡು ಮನೆ, ತೋಟಗಳ ಖರ್ಚಿಗೆ ಹೋಗುತ್ತದೆ. ಡ್ಯೂಕ್ ಕುಟುಂಬ ತಾವಿರುವ ಕೋಣೆಗಳಿಗೆ ಆ ಟ್ರಸ್ಟಿಗೆ ಬಾಡಿಗೆ ಕೊಡುತ್ತದೆ.