ನೀರು ಕುಡಿದಷ್ಟೂ ಬಾಯಾರಿಕೆ

ಹೊಟ್ಟೆಯ ಬಲಗಡೆ, ಹೊಕ್ಕುಳಿಗಿಂತ ತುಸು ಕೆಳಗೆ, ಒದ್ದೆಯಾದ ಕೆಂಪು ಮೊಗ್ಗು. ಇಲಿಯಾಸ್ಟಮಿ ಆಪರೇಷನ್ ಆದವರ ಸ್ಟೋಮಾ, ಅಂದರೆ ಹೊಟ್ಟೆಯ ಮೇಲೆ ಮಾಡಿದ ಕರುಳಿನ ಬಾಯಿ, ಕಾಣುವುದು ಹೀಗೆ. ದೊಡ್ಡ ಕರುಳನ್ನು ತೆಗೆದಾಗ ಇಲ್ಲವೇ ಅದಕ್ಕೆ ಬಿಡುವು ಕೊಡಬೇಕಾದಾಗ ಮಲ ಇಲ್ಲಿಂದಲೇ, ಮೇಲೆ ಅಂಟಿಸಿದ ಬ್ಯಾಗಿಗೆ ಬರುತ್ತದೆ. ಸಣ್ಣ ಕರುಳಿನ ತುದಿಯನ್ನು ಹೊರಗೆ ತಂದು, ಅಂಗಿಯ ತೋಳು ಮಡಚಿದ ಹಾಗೆ ಒಳಮೈ ಹೊರಗಾಗುವಂತೆ ಮಡಚಿ ಹೊಲಿದಿರುತ್ತಾರೆ. ಮುಟ್ಟಿದರೆ ನೋಯುವುದಿಲ್ಲ. ಆದರೆ ತನ್ನಷ್ಟಕ್ಕೆ ಅಲುಗಾಡುತ್ತದೆ! ಮೊದಲ ಸಲ ನೋಡಿದವರು ಬೆಚ್ಚುವುದು ಅದಕ್ಕೇ.

ಈ ಮಡಿಕೆ 1952ರಲ್ಲಿ ಇಂಗ್ಲೆಂಡಿನ ಸರ್ಜನ್ ಬ್ರಯನ್ ಬ್ರೂಕ್ ತೋರಿಸಿಕೊಟ್ಟ ಉಪಾಯ. ಮೊಗ್ಗು ಚರ್ಮದಿಂದ ಮೇಲೆದ್ದು ನಿಂತರೆ ಹರಿದು ಬಂದದ್ದು ನೇರ ಬ್ಯಾಗಿಗೆ ಬೀಳುತ್ತದೆ. ಚರ್ಮಕ್ಕೆ ತಾಗಿದರೆ ಕಷ್ಟ. ಊಟವನ್ನು ಕರಗಿಸುವ ರಸಕ್ಕೆ ನಮ್ಮ ಚರ್ಮವೂ ಒಂದು ಊಟವೇ ಅಲ್ವಾ? ಚರ್ಮವನ್ನು ಕಾಪಾಡಲು ಅಮೆರಿಕದ ಸರ್ಜನ್ ರೂಪರ್ಟ್ ಟರ್ನ್‌ಬುಲ್ ಹಿಂದೆ ಬಳಸಿದ್ದು ಕರಾಯ ಗೋಂದನ್ನು. ಅದು ನಮ್ಮ ದೇಶದ ಒಣ ಕಾಡುಗಳಲ್ಲಿ ಬೆಳೆಯುವ, ಬಿಳಿ ತೊಗಟೆಯ ಮರದ ಅಂಟು.

ಬ್ಯಾಗ್ ಬದಲಿಸಲು ಬೆಳಗ್ಗೆ, ಕಾಫಿಗೂ ಮುಂಚಿನ ಹೊತ್ತು ವಾಸಿ. ಆಗ ಕರುಳು ಸುಮ್ಮನಿರುತ್ತದೆ. ಸ್ಟೋಮಾ ಮೊದಲ ಆರೆಂಟು ವಾರ ಕುಗ್ಗುತ್ತಾ ಹೋಗುತ್ತದೆ. ಆಸ್ಪತ್ರೆಯಲ್ಲಿ ಕೊಟ್ಟ ಅಳತೆಗೇ, ಬ್ಯಾಗನ್ನು ಚರ್ಮಕ್ಕೆ ಅಂಟಿಸುವ ಪ್ಲೇಟಿನ ತೂತು ಕತ್ತರಿಸುತ್ತಿದ್ದರೆ ಸುತ್ತ ಚರ್ಮ ತೆರೆದುಕೊಂಡು ಉರಿ ಶುರು. ಬೈಗುಳ ಮಾತ್ರ ಬ್ಯಾಗಿಗೆ.

ಇದೆಲ್ಲ ಕೈಗೆ ರೂಢಿಯಾಗುತ್ತದೆ. ಬಾಯಾರಿಕೆಯ ಲೆಕ್ಕ ಅಷ್ಟು ಸುಲಭವಲ್ಲ. ದಿನಕ್ಕೆ ಸುಮಾರು ಒಂದೂವರೆ ಲೀಟರ್ ದ್ರವ ದೊಡ್ಡ ಕರುಳಿಗೆ ಬರುತ್ತದೆ. ಅದು ಬಹುಪಾಲು ನೀರು, ಉಪ್ಪನ್ನು ಹೀರಿಕೊಂಡು 100-200 ಮಿ.ಲೀ. ಮಾತ್ರ ಹೊರಗೆ ಬಿಡುತ್ತದೆ. ಆ ಕೆಲಸದವನೇ ರಜೆ ಹಾಕಿದರೆ? ಮೊದಲ ದಿನಗಳಲ್ಲಿ ಬ್ಯಾಗಿಗೆ ಲೀಟರಿಗೂ ಜಾಸ್ತಿ ಬರಬಹುದು. ವಾರಗಳು ಕಳೆದಂತೆ ಸಣ್ಣ ಕರುಳೇ ಇನ್ನಷ್ಟು ಹೀರುವುದನ್ನು ಕಲಿಯುತ್ತದೆ. ಆಮೇಲೆ 500-800 ಮಿ.ಲೀ.ಗೆ ನಿಲ್ಲುತ್ತದೆ.

ಜಾಸ್ತಿ ಹೋಗುವಾಗ ಬಾಯಾರಿತೆಂದು ಬರೀ ನೀರು ಕುಡಿದರೆ ಕೆಲಸ ಕೆಡುತ್ತದೆ. ಸಣ್ಣ ಕರುಳಿನ ಮೇಲ್ಭಾಗದ ಗೋಡೆ ಜಾಳು. ಒಳಗಿನ ನೀರಿನಲ್ಲಿ ಉಪ್ಪಿಲ್ಲದಿದ್ದರೆ ರಕ್ತದ ಉಪ್ಪು ಅದರೊಳಗೆ ಇಳಿಯುತ್ತದೆ. ಕುಡಿದದ್ದು ಉಪ್ಪನ್ನೂ ಕರೆದುಕೊಂಡು ಬ್ಯಾಗ್ ಸೇರುತ್ತದೆ. ಮೂತ್ರ ಕಡು ಹಳದಿಯಾಗಿ, ರಾತ್ರಿ ಮೀನಖಂಡ ಹಿಡಿದುಕೊಂಡರೆ ಅನುಮಾನ ಪಡಬೇಕಾದದ್ದು ಇದನ್ನೇ.

ಮದ್ದು ಓಆರ್‌ಎಸ್. ಕರುಳಿನ ಗೋಡೆಯಲ್ಲಿ ಸಕ್ಕರೆ, ಉಪ್ಪು ಎರಡೂ ಜೊತೆಯಾಗಿ ಬಂದರೆ ಮಾತ್ರ ತೆರೆಯುವ ಬಾಗಿಲಿದೆ. ಅವು ಒಳಹೊಕ್ಕರೆ ನೀರೂ ಹಿಂದೆಯೇ ಹೋಗುತ್ತದೆ. 1971ರ ಬಾಂಗ್ಲಾ ನಿರಾಶ್ರಿತರ ಕ್ಯಾಂಪಿನಲ್ಲಿ ಡಾ. ದಿಲೀಪ್ ಮಹಲನಬಿಸ್ ಕಾಲರಾ ರೋಗಿಗಳನ್ನು ಉಳಿಸಿದ್ದು ಇದೇ ಬಾಗಿಲಿನಿಂದ.

ಊಟದಲ್ಲಿ ಅನ್ನ, ಬಾಳೆಹಣ್ಣು ಹೊರಹೋಗುವುದನ್ನು ಗಟ್ಟಿ ಮಾಡುತ್ತವೆ. ಬಾಳೆದಿಂಡು, ಕೊಬ್ಬರಿ ಚೂರುಗಳು ಸಿಕ್ಕಿಹಾಕಿಕೊಳ್ಳಬಹುದು, ಆರಂಭದಲ್ಲಿ ಬೇಡ. ಇನ್ನು ಉಪ್ಪು. ಜೀವನವಿಡೀ 'ಉಪ್ಪು ಕಡಿಮೆ ಮಾಡಿ' ಎಂದು ಕೇಳಿಸಿಕೊಂಡವರಿಗೆ ಈಗ ಅದೇ ಡಾಕ್ಟರ್ 'ಗಂಜಿಗೆ ಇನ್ನೊಂದು ಚಿಟಿಕೆ ಹಾಕ್ಕೊಳ್ಳಿ' ಎಂದರೆ ನಂಬಿಕೆಯೇ ಬರುವುದಿಲ್ಲ. ಬಿಪಿ, ಕಿಡ್ನಿ ತೊಂದರೆ ಇದ್ದವರು ಎಷ್ಟು ಚಿಟಿಕೆ ಅನ್ನುವುದನ್ನು ಡಾಕ್ಟರನ್ನೇ ಕೇಳಿ.