ಖಾದ್ಯ ಪುಷ್ಪ: ತಿನ್ನುವ ಹೂ ಅಂದರೆ ಯಾವುದು?

ಹೂವನ್ನು ಮುಡಿಯುತ್ತೇವೆ, ಮೂಸುತ್ತೇವೆ. ತಿನ್ನುವುದೂ ಉಂಟು. ಹಾಗೆ ತಿನ್ನಲು ಬರುವ ಹೂವಿಗೆ ‘ಖಾದ್ಯ ಪುಷ್ಪ’ ಎನ್ನುತ್ತಾರೆ. ನನಗೆ ‘ತಿನ್ನುವ ಹೂ’ ಎಂಬ ಮಾತೇ ಇಷ್ಟ. ಅರಳಿದ ಎಸಳು ಮಾತ್ರ ಇದರಲ್ಲಿ ಸೇರುತ್ತದೆ ಅಂದುಕೊಳ್ಳಬೇಡಿ. ಮೊಗ್ಗು, ಹೂಗೊಂಚಲು, ಹೂವಿನೊಳಗಿನ ಎಳೆ ಎಲ್ಲವೂ ಸೇರುತ್ತವೆ.

ಹೂ ತಿಂದೇ ಇಲ್ಲ ಅನ್ನುವವರು ಮಸಾಲೆ ಡಬ್ಬಿ ತೆಗೆದು ನೋಡಿ. ಲವಂಗ ಎಂದರೆ ಅರಳುವ ಮೊದಲೇ ಕಿತ್ತು ಒಣಗಿಸಿದ ಮೊಗ್ಗು. ಅದರ ತಲೆಯ ಮೇಲಿನ ಪುಟ್ಟ ಗುಂಡೇ ಬಿಚ್ಚದೆ ಉಳಿದ ದಳಗಳು. ಕೇಸರಿಯೂ ಹೂವಿನದ್ದೇ. ಒಂದು ಹೂವಿಗೆ ಮೂರೇ ಎಳೆ. ಒಂದು ಗ್ರಾಂ ಒಣ ಕೇಸರಿಗೆ ಸುಮಾರು 150 ಹೂ ಬೇಕು. ಹೂಕೋಸಿನ ಹೆಸರಲ್ಲೇ ಹೂ ಇದೆ, ಬ್ರೊಕೊಲಿಯ ಹಸಿರು ತಲೆಯೂ ಮೊಗ್ಗುಗಳ ರಾಶಿಯೇ. ಆದರೆ ಹೆಸರು ನಂಬಿ ಮೋಸ ಹೋಗುವುದೂ ಉಂಟು. ಚಕ್ರಮೊಗ್ಗು ಮೊಗ್ಗಲ್ಲ, ಒಣಗಿದ ಕಾಯಿ. ಕಲ್ಲುಹೂವಂತೂ ಹೂವೇ ಅಲ್ಲ, ಕಲ್ಲಿನ ಮೇಲೂ ಮರದ ತೊಗಟೆಯ ಮೇಲೂ ಬೆಳೆಯುವ ಲೈಕೆನ್, ಅಂದರೆ ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವಿ.

ಆರೋಗ್ಯಕ್ಕೆ ಏನು ಲಾಭ? ಬಾಳೆಹೂವಿನಲ್ಲಿ ನಾರು ಚೆನ್ನಾಗಿದೆ. ಕೆಂಪು, ನೀಲಿ ಹೂಗಳ ಬಣ್ಣಕ್ಕೆ ಬಹುಪಾಲು ಆಂಥೋಸಯನಿನ್ ಕಾರಣ. ಇದು ಉತ್ಕರ್ಷಣ ನಿರೋಧಕ, ಅಂದರೆ ಜೀವಕೋಶಗಳಿಗೆ ಆಗುವ ಒಂದು ಬಗೆಯ ಹಾನಿಯನ್ನು ತಡೆಯಬಲ್ಲ ವಸ್ತು. ಶಂಖಪುಷ್ಪದ ನೀಲಿ ನೀರಿಗೆ ನಿಂಬೆ ಹಿಂಡಿದರೆ ನೇರಳೆ ಆಗುವುದೂ ಇದರಿಂದಲೇ. ಕೆಂಪು ಪುಂಡಿಯಲ್ಲಿ ಬಳಸುವುದು ದಳವನ್ನಲ್ಲ, ಅದರ ಕೆಳಗಿನ ದಪ್ಪ ಬಟ್ಟಲನ್ನು. ಅದರ ಕಷಾಯ ಏರಿದ ರಕ್ತದೊತ್ತಡವನ್ನು ಸ್ವಲ್ಪ ಇಳಿಸುತ್ತದೆ ಎಂದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಹಾಗಂತ ಮಾತ್ರೆ ಬಿಟ್ಟು ಇದನ್ನೇ ಕುಡಿಯುವುದು ತಪ್ಪು. ನಾಲ್ಕು ಎಸಳು ತಿಂದರೆ ರೋಗ ಹೋಗುತ್ತದೆ ಎನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಹೂ ಒಳ್ಳೆಯ ಆಹಾರ, ಅಷ್ಟು ಸಾಲದೇ?

ಇನ್ನು ಎಚ್ಚರಿಕೆಯ ಮಾತು. ಚೆಂದ ಇರುವುದೆಲ್ಲ ತಿನ್ನುವುದಲ್ಲ. ಕಣಗಿಲೆ ಹೃದಯದ ಬಡಿತವನ್ನೇ ಕೆಡಿಸುತ್ತದೆ. ದತ್ತೂರವೂ ಕಡು ವಿಷ. ಹೂವಿನ ಗುರುತು ಖಚಿತವಿಲ್ಲದಿದ್ದರೆ ಬಾಯಿಗೆ ಇಡಲೇಬೇಡಿ. ಅಲಂಕಾರಕ್ಕೆಂದು ಮಾರುವ ಗುಲಾಬಿ ತಿನ್ನುವ ಜಾತಿಯೇ ಆದರೂ ಅದಕ್ಕೆ ಕೀಟನಾಶಕ ಹೊಡೆದಿರಬಹುದು, ಅದು ಅಡುಗೆಗೆ ಬೇಡ. ಪರಾಗದ ಅಲರ್ಜಿ ಇರುವವರು ಇನ್ನೂ ಜಾಸ್ತಿ ಹುಷಾರಾಗಿರಬೇಕು, ಕೇಸರ (ಹೂವಿನೊಳಗೆ ಪರಾಗ ಹೊತ್ತ ಎಳೆ) ತೆಗೆದರೂ ಪರಾಗ ಅಲ್ಲಲ್ಲಿ ಅಂಟಿಕೊಂಡಿರುತ್ತದೆ.

ಕುಂಬಳದ ಬಳ್ಳಿ ಇದ್ದರೆ ಹೂ ಕೀಳುವ ಮೊದಲು ಅದರ ಬುಡ ನೋಡಿ. ಪುಟ್ಟ ಕಾಯಿ ಇದ್ದರೆ ಹೆಣ್ಣು ಹೂ, ಅದನ್ನು ಬಿಡಿ. ಬರೀ ತೆಳ್ಳನೆಯ ತೊಟ್ಟಿದ್ದರೆ ಗಂಡು ಹೂ. ಪರಾಗಕ್ಕೆಂದು ಒಂದೆರಡು ಉಳಿಸಿ, ಮಿಕ್ಕಿದ್ದನ್ನು ಅಡುಗೆಗೆ ತನ್ನಿ.