ಗೋರಿಕಲ್ಲಿನ ಮೇಲೆ ‘ಫನಲ್’

ಬಾಸ್ಟನ್ನಿನ ಗ್ರ್ಯಾನರಿ ಸ್ಮಶಾನದಲ್ಲಿ ಒಂದು ಗೋರಿಕಲ್ಲು. ಮೊದಲು ಅದರ ಮೇಲಿದ್ದದ್ದು ಮನೆತನದ ಲಾಂಛನ ಮಾತ್ರ. ಆಮೇಲೆ ಯಾರೋ ‘ಪಿ. ಫನಲ್’ ಅಂತ ಕೊರೆದರು. ಒಳಗೆ ಮಲಗಿರುವವನು ಪೀಟರ್ ಫ್ಯಾನ್ಯೂಲ್. ಭಾರಿ ಶ್ರೀಮಂತ ವ್ಯಾಪಾರಿ. 1742ರಲ್ಲಿ ಊರಿಗೆ ಅವನು ಕಟ್ಟಿಸಿಕೊಟ್ಟ ಫ್ಯಾನ್ಯೂಲ್ ಹಾಲ್ ಇವತ್ತಿಗೂ ಇದೆ.

ಫ್ರೆಂಚ್ ಹೆಸರು ಇಂಗ್ಲಿಷರ ಬಾಯಿಗೆ ಸಿಕ್ಕಿ ಹೀಗಾಯಿತು. ವಂಶದ ಜಾಡು ಹಿಡಿಯುವವರು ಕಾಗುಣಿತ ನಂಬಿ ಹುಡುಕಿದರೆ ಅರ್ಧ ದಾಖಲೆ ಕೈತಪ್ಪುತ್ತದೆ. ತಾರೀಕಿನದ್ದೂ ಇದೇ ಕಥೆ. ಅವನು ಸತ್ತದ್ದು ಮಾರ್ಚ್ 3ರಂದು. ಆಗಿನ ಲೆಕ್ಕದಲ್ಲಿ ಅದು 1742, ಈಗಿನ ಲೆಕ್ಕದಲ್ಲಿ 1743. ಎರಡೂ ಸರಿ! ಇಂಗ್ಲಿಷರಿಗೆ 1752ಕ್ಕೆ ಮುಂಚೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಹೆಚ್ಚುಕಮ್ಮಿ ನಮ್ಮ ಯುಗಾದಿಯ ಹೊತ್ತಿಗೆ.

ಮನೆತನದ ಮೂಲ ಫ್ರಾನ್ಸಿನ ಲಾ ರೊಶೆಲ್ ಬಂದರು. ಅವರು ಪ್ರಾಟೆಸ್ಟೆಂಟರು. 1685ರಲ್ಲಿ ದೊರೆ ಆ ಮತವನ್ನೇ ನಿಷೇಧಿಸಿದಾಗ ಸಾವಿರಾರು ಮಂದಿ ದೇಶ ಬಿಟ್ಟರು. ಪೀಟರ್ ಹುಟ್ಟಿದ್ದು 1700ರಲ್ಲಿ, ನ್ಯೂಯಾರ್ಕ್ ಪ್ರಾಂತ್ಯದ ನ್ಯೂ ರೊಶೆಲ್‌ನಲ್ಲಿ. ಬಿಟ್ಟುಬಂದ ಊರಿನ ಹೆಸರನ್ನೇ ಹೊಸ ಊರಿಗೂ ಇಟ್ಟಿದ್ದರು, ನೋಡಿ.

ವಂಶ ತಿಳಿಯಲು ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಆಯ್ತಲ್ವಾ? ಅಷ್ಟು ಸುಲಭವಲ್ಲ. ವೈ ಕ್ರೋಮೋಸೋಮು ಅಪ್ಪನಿಂದ ಮಗನಿಗೆ ಹೆಚ್ಚು ಬದಲಾಗದೆ ಇಳಿಯುತ್ತದೆ. ಪೀಟರ್ ಮದುವೆಯೇ ಆಗಲಿಲ್ಲ. ಮದುವೆಯಾದರೆ ಆಸ್ತಿ ಇಲ್ಲ ಅನ್ನುವುದು ದೊಡ್ಡಪ್ಪ ಆಂಡ್ರ್ಯೂ ಹಾಕಿದ್ದ ಷರತ್ತು! ತಮ್ಮ ಬೆಂಜಮಿನ್ ಮದುವೆಯಾಗಿ ಆಸ್ತಿ ಕಳೆದುಕೊಂಡ. ವಂಶ ಪರೀಕ್ಷಿಸಬೇಕಾದರೆ ಆ ತಮ್ಮನ ಗಂಡು ಸಂತತಿಯನ್ನೇ ಹುಡುಕಬೇಕು. ಮಿಕ್ಕ ಡಿಎನ್‌ಎ ತಲೆಮಾರಿಗೊಮ್ಮೆ ಅರ್ಧವಾಗುತ್ತದೆ. ಹತ್ತು ತಲೆಮಾರಿನ ಹಿಂದಿನ ಒಬ್ಬ ಹಿರಿಯನ ಪಾಲು ಸರಾಸರಿ 1,024ರಲ್ಲಿ ಒಂದು. ಕೆಲವರದ್ದು ಪೂರ್ತಿ ಸೊನ್ನೆ.

ಹಾಗಾಗಿ ಕೊನೆಗೆ ಕೈಹಿಡಿಯುವುದು ಕಾಗದವೇ: ಉಯಿಲು, ಲೆಕ್ಕದ ಪುಸ್ತಕ, ವ್ಯಾಪಾರದ ಪತ್ರಗಳು. ಆಸ್ತಿ ಇದ್ದವನ ಜಾಡು ಜಾಸ್ತಿ ಉಳಿಯುತ್ತದೆ. ಪೀಟರ್ ಗುಲಾಮರ ವ್ಯಾಪಾರವನ್ನೂ ಮಾಡಿದವನು. ಅವನಿಗೆ ಪಾಲಿದ್ದ ಒಂದು ಹಡಗು ಆಫ್ರಿಕಾದಿಂದ ಜನರನ್ನು ತುಂಬಿಕೊಂಡು ಬಂತು. ಹಡಗಿನ ಹೆಸರು ‘ಜಾಲಿ ಬ್ಯಾಚುಲರ್’ ಅಂತ ಗೊತ್ತು. ಅದರಲ್ಲಿ ಬಂದವರನ್ನು ಹುಡುಕುವ ಮೊಮ್ಮಕ್ಕಳಿಗೆ ತಪ್ಪಾಗಿ ಕೊರೆದ ಒಂದು ಹೆಸರೂ ಸಿಗುವುದು ಕಷ್ಟ.